ಆರ್. ನವೀನ್ ಉರುಫ್ ನವೀನ್ ಶಾರದಾ

ನನ್ನ ಹೆಸರಿನ ಮುಂದಿದ್ದ ‘ಆರ್’ ಅಪ್ಪನದು. ನನ್ನನ್ನು ಶಾಲೆಗೆ ಸೇರಿಸಿದವರು ಅವರಲ್ಲ, ಫೀಸು ಕಟ್ಟಿದವರೂ ಅವರಲ್ಲ. ಆ ಕಥೆ ಇಲ್ಲಿ ಬೇಡ. ಮೂವತ್ತು ದಾಟಿದ ಮೇಲೆ ಆ ಒಂದಕ್ಷರವನ್ನು ತೆಗೆದು ಅಮ್ಮನ ಹೆಸರನ್ನು ಸೇರಿಸಿಕೊಳ್ಳಲು ಹೊರಟೆ. ಸುದ್ದಿ ತಿಳಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ‘ಸಂಖ್ಯಾಶಾಸ್ತ್ರವಾ?’ ಹೆಣ್ಣಾಗಿದ್ದರೆ ಮದುವೆ, ಗಂಡಾಗಿದ್ದರೆ ಸಂಖ್ಯಾಶಾಸ್ತ್ರ. ಮೂರನೆಯ ಕಾರಣ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಅಂದ ಹಾಗೆ, ಮದುವೆಯಾದ ಹೆಣ್ಣು ಹೆಸರು ಬದಲಿಸಲೇಬೇಕೆಂದು ನಮ್ಮಲ್ಲಿ ಯಾವ ಕಾನೂನೂ ಹೇಳುವುದಿಲ್ಲ.

ಮೊದಲ ಹೆಜ್ಜೆ ಅಫಿಡವಿಟ್. ಛಾಪಾ ಕಾಗದದ ಮೇಲೆ ಹಳೆಯ ಹೆಸರು, ಹೊಸ ಹೆಸರು, ವಿಳಾಸ, ಕಾರಣ ಬರೆದು ನೋಟರಿಯ ಮುಂದೆ ಸಹಿ ಹಾಕಬೇಕು. ಕಾರಣದ ಜಾಗದಲ್ಲಿ ‘ವೈಯಕ್ತಿಕ’ ಎಂದಷ್ಟೇ ಬರೆಸಿದೆ. ಟೈಪ್ ಮಾಡುತ್ತಿದ್ದವರು ಅಲ್ಲಿ ನಿಲ್ಲಲಿಲ್ಲ, ಇನ್ನೊಂದು ಕಡೆ ನಿಂತರು. ‘ಶಾರದಾ ಅಂತ ಇಂಗ್ಲಿಷಿನಲ್ಲಿ ಹೇಗೆ? ಡಿ ಆದ ಮೇಲೆ ಎಚ್ ಇದೆಯಾ?’

ಗೊತ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. ಅವಳಿಗೂ ಗೊತ್ತಿರಲಿಲ್ಲ. ಕನ್ನಡದಲ್ಲೇ ಸಹಿ ಮಾಡುವವಳು, ಇಂಗ್ಲಿಷ್ ಅಕ್ಷರಗಳ ಗೊಡವೆಗೆ ಎಂದೂ ಹೋದವಳಲ್ಲ. ಮನೆಯಲ್ಲಿದ್ದ ಅವಳ ಕಾಗದಗಳನ್ನೆಲ್ಲ ಹರಡಿಕೊಂಡು ನೋಡಿದರೆ ಮತದಾರರ ಚೀಟಿಯಲ್ಲಿ ಎಚ್ ಇದೆ, ಆಧಾರ್‌ನಲ್ಲಿ ಇಲ್ಲ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಕೊನೆಗೆ ‘ಅಮ್ಮ’ ಬೇರೆ ಅಂಟಿಕೊಂಡಿದೆ. ಆಧಾರ್‌ನಲ್ಲಿದ್ದುದನ್ನೇ ಆರಿಸಿಕೊಂಡೆ. ಹೆಸರು ಬದಲಿಸಲು ಹೊರಟವರಿಗೆ ನಾನು ಕೊಡುವ ಒಂದೇ ಗಟ್ಟಿ ಸಲಹೆ ಇದು: ಇಂಗ್ಲಿಷ್ ಕಾಗುಣಿತವನ್ನು, ಎರಡು ಪದಗಳ ನಡುವಿನ ಖಾಲಿ ಜಾಗವನ್ನೂ ಸೇರಿಸಿ, ಅಫಿಡವಿಟ್‌ಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಮುಂದಿನ ಪ್ರತಿ ಕಾಗದವೂ ಅದನ್ನೇ ನಕಲು ಮಾಡುತ್ತದೆ.

ಆಮೇಲೆ ಎರಡು ಪತ್ರಿಕೆಗಳಲ್ಲಿ ಜಾಹೀರಾತು, ಒಂದು ಕನ್ನಡದ್ದು, ಒಂದು ಇಂಗ್ಲಿಷಿನದು. ಕಳೆದುಹೋದ ಅಂಕಪಟ್ಟಿ, ಮಾರಾಟಕ್ಕಿರುವ ನಿವೇಶನಗಳ ನಡುವೆ ನಾನೂ ನಾಲ್ಕು ಸಾಲಾಗಿ ಪ್ರಕಟವಾದೆ. ಇಡೀ ಪುಟ ಎತ್ತಿಟ್ಟುಕೊಳ್ಳಬೇಕು; ತುಣುಕು ಕತ್ತರಿಸಿದರೆ ದಿನಾಂಕ ಹೋಗುತ್ತದೆ. ಇವೆಲ್ಲದರ ಜೊತೆ ಇಬ್ಬರು ಸಾಕ್ಷಿಗಳ ಸಹಿ ಇರುವ ನಮೂನೆಯನ್ನು ದೆಹಲಿಯ ಪ್ರಕಟಣಾ ಇಲಾಖೆಗೆ ಕಳಿಸಿದೆ. ಖಾಸಗಿ ವ್ಯಕ್ತಿಗಳ ಹೆಸರು ಬದಲಾವಣೆ ಭಾರತದ ರಾಜಪತ್ರದ, ಅಂದರೆ ಕೇಂದ್ರ ಸರ್ಕಾರದ ಗೆಜೆಟ್‌ನ, ನಾಲ್ಕನೆಯ ಭಾಗದಲ್ಲಿ ಬರುತ್ತದೆ. ಈಗ ಅದು ಅಂತರ್ಜಾಲದಲ್ಲೇ ಪ್ರಕಟವಾಗುವುದರಿಂದ ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ನನ್ನ ಸಾಲು ಕಣ್ಣಿಗೆ ಬಿದ್ದಾಗ ಮೊದಲು ಹುಡುಕಿದ್ದು ಆ ಎಚ್ ಅನ್ನೇ. ಇರಲಿಲ್ಲ, ಸದ್ಯ.

ಇಲ್ಲಿಗೆ ಕೆಲಸ ಮುಗಿಯಿತೆಂದು ಹೇಳುವವರನ್ನು ನಂಬಬೇಡಿ. ರಾಜಪತ್ರ ನಿಮ್ಮ ಹೆಸರನ್ನು ಎಲ್ಲಿಯೂ ತಾನಾಗಿ ಬದಲಿಸುವುದಿಲ್ಲ, ಬದಲಿಸಿ ಎಂದು ಕೇಳುವ ಆಧಾರವನ್ನಷ್ಟೇ ಕೊಡುತ್ತದೆ. ನಾನು ಮೊದಲು ಆಧಾರ್ ಸರಿಪಡಿಸಿಕೊಂಡೆ. ಅಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಜೀವಮಾನದಲ್ಲಿ 2 ಅವಕಾಶ ಮಾತ್ರ, ಹಾಗಾಗಿ ಪ್ರಯೋಗ ಮಾಡುವ ಜಾಗವಲ್ಲ. ನಂತರ ಪ್ಯಾನ್, ಏಕೆಂದರೆ ಇವೆರಡರ ಹೆಸರು ಹೊಂದದಿದ್ದರೆ ಜೋಡಣೆಯೇ ಕೈಕೊಡುತ್ತದೆ. ಪಾಸ್‌ಪೋರ್ಟ್ ಬಗ್ಗೆ ಹೆದರಿದ್ದೆ, ಆದರೆ 2016ರ ಡಿಸೆಂಬರ್‌ನಲ್ಲಿ ಬದಲಾದ ನಿಯಮದ ಪ್ರಕಾರ ತಂದೆ ಅಥವಾ ತಾಯಿ, ಒಬ್ಬರ ಹೆಸರು ಕೊಟ್ಟರೆ ಸಾಕು. ಅಮ್ಮನ ಹೆಸರು ಕೊಟ್ಟೆ, ಯಾರೂ ಹುಬ್ಬೇರಿಸಲಿಲ್ಲ.

ಹುಬ್ಬೇರಿದ್ದು ಬ್ಯಾಂಕಿನಲ್ಲಿ. ಕೌಂಟರಿನಲ್ಲಿದ್ದವರು ಕಾಗದಗಳನ್ನು ತಿರುವಿ ಹಾಕಿ, ‘ಶಾರದಾ ನಿಮ್ಮ ಮನೆಯವರಾ? ಜಂಟಿ ಖಾತೆ ಮಾಡಬೇಕಾ?’ ಎಂದರು. ತಾಯಿ ಎಂದೆ. ‘ಹಾಗಾದರೆ ತಂದೆಯ ಹೆಸರು ಎಲ್ಲಿ ಹೋಯಿತು?’ ಹಿಂದೆ ಸಾಲಿನಲ್ಲಿ ನಿಂತವರೂ ಉತ್ತರಕ್ಕೆ ಕಾಯುತ್ತಿರುವಂತೆ ಕಂಡಿತು. ರಾಜಪತ್ರದ ಪುಟವನ್ನು ಅವರ ಕಡೆ ತಳ್ಳಿ ಸುಮ್ಮನಿದ್ದೆ. ಈ ಕಾಗದದ ದೊಡ್ಡ ಉಪಕಾರವೇ ಅದು: ಕಾರಣ ಹೇಳುವ ಹಂಗಿನಿಂದ ಬಿಡಿಸುತ್ತದೆ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಮಾತ್ರ ಮುಟ್ಟಲಿಲ್ಲ. ಸಿಬಿಎಸ್‌ಇ ಪ್ರಮಾಣಪತ್ರಗಳ ಕುರಿತ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲಿ ಕೊಟ್ಟ ತೀರ್ಪನ್ನು ವಕೀಲ ಗೆಳೆಯ ತೋರಿಸಿದ. ಹೆಸರು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ನ್ಯಾಯಾಲಯ ಒಪ್ಪಿದೆ. ಹಾಗೆಂದು ಕೇಳಿದ ಕೂಡಲೇ ಬದಲಿಸಿಕೊಡಿ ಎಂದಿಲ್ಲ. ಮಂಡಳಿ ರಾಜಪತ್ರದಂಥ ದಾಖಲೆ ಕೇಳಬಹುದು, ಹೊಸ ಪ್ರಮಾಣಪತ್ರದಲ್ಲಿ ಹಳೆಯ ಹೆಸರನ್ನೂ ಉಳಿಸಬಹುದು. ನನಗೆ ಇದರಲ್ಲಿ ತಕರಾರಿಲ್ಲ. ಪರೀಕ್ಷೆ ಬರೆದವನು ಆರ್. ನವೀನ್, ಅವನ ಗಣಿತದ ಅಂಕಗಳ ಹೊಣೆ ಅವನದೇ. ಕೆಲಸಕ್ಕೆ ಅರ್ಜಿ ಹಾಕುವಾಗ ಅಂಕಪಟ್ಟಿಯ ಹಿಂದೆ ರಾಜಪತ್ರದ ಪ್ರತಿಯೊಂದನ್ನು ಪಿನ್ ಮಾಡುತ್ತೇನೆ, ‘ಉರುಫ್’ ಕಾಲಂ ಇದ್ದರೆ ತುಂಬುತ್ತೇನೆ.

ಮತದಾರರ ಪಟ್ಟಿಯ ತಿದ್ದುಪಡಿಗೆ ನಮೂನೆ 8 ಸಲ್ಲಿಸಿದ್ದೇನೆ. ಚಾಲನಾ ಪರವಾನಗಿಯಲ್ಲಿ ಇನ್ನೂ ‘ಆರ್’ ಇದೆ; ನವೀಕರಣದ ಹೊತ್ತಿಗೆ ನೋಡಿಕೊಂಡರಾಯಿತು ಎಂದು ಬಿಟ್ಟಿದ್ದೇನೆ. ಅಮ್ಮ ಈಗ ಪಾಸ್‌ಬುಕ್‌ನಲ್ಲಿರುವ ತನ್ನ ಹೆಸರನ್ನು ಆಧಾರ್‌ಗೆ ಹೊಂದಿಸಿಕೊಡು ಎಂದು ಹಿಂದೆ ಬಿದ್ದಿದ್ದಾಳೆ. ಸೋಮವಾರ ಅದೇ ಕೌಂಟರಿಗೆ ಇಬ್ಬರೂ ಹೋಗುತ್ತಿದ್ದೇವೆ.