ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಕಾಂತ

ಕಾಂತವೆಂದರೆ ಬೆಳಕು ತೂರದ, ಕಪ್ಪಾದ ಗಟ್ಟಿ ವಸ್ತುವೆಂಬುದು ರೂಢಿಯ ತಿಳಿವಳಿಕೆ. ಆ ಗುಣವನ್ನು ಪಾರದರ್ಶಕ ಪ್ಲಾಸ್ಟಿಕ್ಕಿಗೆ ತರುವ ಪ್ರಯತ್ನಗಳ ಬಗ್ಗೆ ಓದುತ್ತಾ ಹೋದಂತೆ, ‘ಪಾರದರ್ಶಕ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ತೊಡಕುಗಳಿವೆಯೆಂದು ನನಗೆ ಮನವರಿಕೆಯಾಯಿತು.

ಮೊದಲನೆಯದು ಬೆಳಕಿನ ಚದುರುವಿಕೆ. ಪಾರದರ್ಶಕ ಪ್ಲಾಸ್ಟಿಕ್ಕಾದ ಅಕ್ರಿಲಿಕ್ಕಿನ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಅಳತೆ) ಸುಮಾರು 1.49, ಕಾಂತಗುಣಕ್ಕಾಗಿ ಅದರಲ್ಲಿ ಕಣಗಳಾಗಿ ಬೆರೆಸುವ ಕಬ್ಬಿಣದ ಆಕ್ಸೈಡಿನದು 2ಕ್ಕಿಂತ ಹೆಚ್ಚು. ಈ ಅಂತರದಿಂದಾಗಿ ದೊಡ್ಡ ಕಣಗಳು ಬೆರೆತ ಪ್ಲಾಸ್ಟಿಕ್ ಮಬ್ಬಾಗುತ್ತದೆ. ಆದರೆ ಬೆಳಕಿನ ತರಂಗಾಂತರಕ್ಕಿಂತ ಬಹಳ ಚಿಕ್ಕದಾದ ಕಣವೊಂದು ಚದುರಿಸುವ ಬೆಳಕು ಅದರ ವ್ಯಾಸದ ಆರನೆಯ ಘಾತವನ್ನು ಅನುಸರಿಸುವುದರಿಂದ, ಬೆರೆಸುವ ಒಟ್ಟು ಪ್ರಮಾಣವನ್ನು ಬದಲಿಸದೆ ವ್ಯಾಸವನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿದರೆ, ಕಣಗಳ ಸಂಖ್ಯೆ ಸಾವಿರ ಪಟ್ಟು ಏರಿದರೂ ಒಟ್ಟು ಚದುರುವಿಕೆ ಸಾವಿರದ ಒಂದು ಪಾಲಿಗೆ ಕುಸಿಯುತ್ತದೆ. ಚಿಕ್ಕ ಕಣಗಳನ್ನು ತಯಾರಿಸುವುದಕ್ಕಿಂತ ಅವು ಒಂದಕ್ಕೊಂದು ಅಂಟಿ ಗಂಟಾಗದಂತೆ ನೋಡಿಕೊಳ್ಳುವುದೇ ನಿಜವಾದ ಕಸುಬು ಎಂದು ನನಗನ್ನಿಸುತ್ತದೆ, ಏಕೆಂದರೆ ಗಂಟಾದ ಕಣಗಳನ್ನು ಬೆಳಕು ಒಂದೇ ದೊಡ್ಡ ಕಣವೆಂದು ಎಣಿಸುತ್ತದೆ. ಅದಕ್ಕಾಗಿ ಕಣಗಳಿಗೆ ಓಲಿಯಿಕ್ ಆಮ್ಲದಂಥ ಹೊದಿಕೆ ಕೊಡುವುದುಂಟು. 1992ರಲ್ಲಿ ರೊನಾಲ್ಡ್ ಜಿಯೊಲೊ ಮತ್ತು ಸಂಗಡಿಗರು ಇನ್ನೂ ಜಾಣ ದಾರಿ ಹಿಡಿದು, ವಿದ್ಯುದಂಶವುಳ್ಳ ಕಣಗಳನ್ನು ಅದಲುಬದಲು ಮಾಡಿಕೊಳ್ಳುವ ಪ್ಲಾಸ್ಟಿಕ್ಕಾದ ಅಯಾನು ವಿನಿಮಯ ರಾಳದ ಒಳಗೇ, ಕಾಂತಗುಣವುಳ್ಳ ಕಬ್ಬಿಣದ ಆಕ್ಸೈಡಾದ ಮ್ಯಾಗ್‌ಹೆಮೈಟ್ ಕಣಗಳನ್ನು ಹುಟ್ಟಿಸಿದರು.

ಎರಡನೆಯದು ಬೆಳಕಿನ ಹೀರಿಕೆ. ಕಬ್ಬಿಣದ ಆಕ್ಸೈಡು ನೇರಳೆ ಮತ್ತು ನೀಲಿ ಬೆಳಕನ್ನು ಹೀರುತ್ತದೆ. ಕಣ ಎಷ್ಟೇ ಚಿಕ್ಕದಾದರೂ ಈ ಗುಣ ಹೋಗದು. ಆದ್ದರಿಂದ ಇಂಥ ಪ್ಲಾಸ್ಟಿಕ್ ಗಾಜಿನಂತೆ ತಿಳಿಯಾಗಿರದೆ, ಹಳದಿಯಿಂದ ಕಂದು ಬಣ್ಣದವರೆಗೆ ಇರುತ್ತದೆ. ತೆಳು ಪದರವಾಗಿಸುವುದು ಅಥವಾ ಕೆಂಪು ಹಾಗೂ ಅವಕೆಂಪು ಬೆಳಕಿಗೆ ಬಳಸುವುದು ಇದಕ್ಕಿರುವ ದಾರಿಗಳು.

ಇಷ್ಟೆಲ್ಲ ಕಷ್ಟಪಡುವುದಕ್ಕೆ ಕಾರಣ, ಮೈಕೆಲ್ ಫ್ಯಾರಡೆ 1845ರಲ್ಲಿ ಸೀಸದ ಗಾಜಿನಲ್ಲಿ ಕಂಡ ಪರಿಣಾಮ: ಕಾಂತಕ್ಷೇತ್ರದ ದಿಕ್ಕಿನಲ್ಲಿ ಸಾಗುವ ಬೆಳಕಿನ ಧ್ರುವೀಕರಣದ ತಲ, ಅಂದರೆ ಅದರ ಅಲೆ ಕಂಪಿಸುವ ತಲ, ತಿರುಗುತ್ತದೆ. ಹಿಂದಿರುಗುವಾಗ ಆ ತಿರುವು ರದ್ದಾಗದೆ ಇಮ್ಮಡಿಯಾಗುತ್ತದೆ. ಲೇಸರಿನಿಂದ ಹೊರಟು 45 ಡಿಗ್ರಿ ತಿರುಗಿದ ಬೆಳಕು ಎಲ್ಲೋ ತಾಗಿ ಮರಳಿ ಬರುವಾಗ 90 ಡಿಗ್ರಿ ತಿರುಗಿರುವುದರಿಂದ, ಒಂದೇ ತಲದ ಬೆಳಕನ್ನು ಬಿಡುವ ಧ್ರುವೀಕಾರಕವು ಅದನ್ನು ತಡೆದು ಲೇಸರನ್ನು ಕಾಪಾಡುತ್ತದೆ. ಈ ಕೆಲಸಕ್ಕೆ ಈಗ ಟರ್ಬಿಯಂ ಗ್ಯಾಲಿಯಂ ಗಾರ್ನೆಟ್‌ನಂಥ ಹರಳುಗಳನ್ನು ಬೆಳೆಸಬೇಕು. ಪ್ಲಾಸ್ಟಿಕ್ಕನ್ನಾದರೆ ಅಚ್ಚಿಗೆ ಎರೆಯಬಹುದು, ಪದರವಾಗಿ ಬಳಿಯಬಹುದು.

ಒಂದು ತಕರಾರು ಮಾತ್ರ ಉಳಿಯುತ್ತದೆ. ಸುಮಾರು 10 ನ್ಯಾನೊಮೀಟರಿನ ಆಕ್ಸೈಡ್ ಕಣದಲ್ಲಿ ಕೋಣೆಯ ಶಾಖವೇ ಕಾಂತದ ದಿಕ್ಕನ್ನು ಸದಾ ಹೊರಳಿಸುತ್ತಿರುತ್ತದೆ. ಹೊರಗಿನ ಕ್ಷೇತ್ರ ತೆಗೆದೊಡನೆ ಕಾಂತತ್ವವೂ ಮರೆಯಾಗುತ್ತದೆ. ಹೀಗಾಗಿ ಅಂಥ ಪಾರದರ್ಶಕ ಪ್ಲಾಸ್ಟಿಕ್ಕಿನ ಪಕ್ಕದಲ್ಲಿ, ಅದರಿಂದ ಕೆಲಸ ತೆಗೆಯಬೇಕಾದರೆ, ಹಳೆಯ ಬಗೆಯ ಕಪ್ಪು ಕಾಂತವನ್ನೋ ತಂತಿಯ ಸುರುಳಿಯನ್ನೋ ಇಡಲೇಬೇಕು.