ಥೈಮಿನ್ ದ್ರಾವಣಕ್ಕೆ ಗಾಮಾ ಕಿರಣ ಬಿದ್ದಾಗ

ನೀರಿನಲ್ಲಿ ಕರಗಿದ ಥೈಮಿನ್ (ಡಿಎನ್‌ಎಯ ನಾಲ್ಕು ಬೇಸ್‌ಗಳಲ್ಲಿ ಒಂದು) ಮೇಲೆ ಗಾಮಾ ಕಿರಣ ಹಾಯಿಸಿದರೆ ಪೆಟ್ಟು ಮೊದಲು ಬೀಳುವುದು ನೀರಿಗೇ. ಹೀರಿಕೊಂಡ ಪ್ರತಿ ಜೂಲ್‌ಗೆ ಸುಮಾರು 0.28 ಮೈಕ್ರೋಮೋಲ್ ಹೈಡ್ರಾಕ್ಸಿಲ್ ರಾಡಿಕಲ್ (ಒಂಟಿ ಎಲೆಕ್ಟ್ರಾನ್ ಇರುವ, ಬಲು ಚುರುಕಾದ OH), ಹೆಚ್ಚುಕಡಿಮೆ ಅಷ್ಟೇ ಜಲಾವೃತ ಎಲೆಕ್ಟ್ರಾನುಗಳು (ನೀರಿನ ಅಣುಗಳು ಸುತ್ತುವರಿದವು), ಜೊತೆಗೆ ಸ್ವಲ್ಪ ಹೈಡ್ರೋಜನ್ ಪರಮಾಣುಗಳು ಹುಟ್ಟುತ್ತವೆ. ಹೈಡ್ರಾಕ್ಸಿಲ್ ಒಂದರ ಕೆಲಸವಷ್ಟೇ ಕಾಣಬೇಕೆಂದರೆ ದ್ರಾವಣವನ್ನು ನೈಟ್ರಸ್ ಆಕ್ಸೈಡ್‌ನಿಂದ ತುಂಬಬೇಕು. ಅದು ಎಲೆಕ್ಟ್ರಾನನ್ನೂ ಹೈಡ್ರಾಕ್ಸಿಲ್ ಆಗಿ ಬದಲಿಸುತ್ತದೆ, ಇಳುವರಿ ಇಮ್ಮಡಿಯಾಗುತ್ತದೆ.

ಲೀಟರಿಗೆ 126 ಮಿಲಿಗ್ರಾಂ, ಅಂದರೆ 1 ಮಿಲಿಮೋಲಾರ್ ಥೈಮಿನ್ ಸಾಕು. 10 ಮಿಲಿಮೋಲಾರ್‌ಗೆ ಏರಿಸಿದರೆ ಪ್ರಯೋಗ ಕೆಡುತ್ತದೆ: ನೈಟ್ರಸ್ ಆಕ್ಸೈಡ್ ಕರಗುವುದು ಸುಮಾರು 25 ಮಿಲಿಮೋಲಾರ್ ಮಾತ್ರ, ಥೈಮಿನ್ ಎಲೆಕ್ಟ್ರಾನಿನೊಂದಿಗೆ ಅದಕ್ಕಿಂತ ಸುಮಾರು ಎರಡು ಪಟ್ಟು ವೇಗವಾಗಿ ಕೂಡುತ್ತದೆ. ಆಗ ಎಲೆಕ್ಟ್ರಾನುಗಳಲ್ಲಿ ಅರ್ಧದ ಹತ್ತಿರ ಥೈಮಿನ್ ಪಾಲಾಗುತ್ತವೆ. 1 ಮಿಲಿಮೋಲಾರ್‌ನಲ್ಲಿ 100 ಗ್ರೇ (ಕಿಲೋಗೆ 100 ಜೂಲ್) ಕಿರಣ ಪ್ರಮಾಣಕ್ಕೆ ಸುಮಾರು 56 ಮೈಕ್ರೋಮೋಲಾರ್ ಹೈಡ್ರಾಕ್ಸಿಲ್ ಸಿಗುತ್ತದೆ. ಕಿರಣ ಪ್ರಮಾಣದಲ್ಲಿ ಅದಕ್ಕಿಂತ ತುಂಬಾ ಮುಂದೆ ಹೋಗಬೇಡಿ, ಉತ್ಪನ್ನಗಳ ಮೇಲೇ ರಾಡಿಕಲ್ ದಾಳಿ ಶುರುವಾಗುತ್ತದೆ.

ಹೈಡ್ರಾಕ್ಸಿಲ್ ಹೆಚ್ಚಾಗಿ ಥೈಮಿನ್ ಉಂಗುರದ 5ನೇ ಇಂಗಾಲಕ್ಕೆ ಅಂಟುತ್ತದೆ (ಸುಮಾರು ಶೇ. 60), ಉಳಿದದ್ದರಲ್ಲಿ ಬಹುಪಾಲು 6ನೇ ಇಂಗಾಲಕ್ಕೆ. ಮೀಥೈಲ್ (CH3) ಗುಂಪಿನಿಂದ ಹೈಡ್ರೋಜನ್ ಕೀಳುವುದು ಶೇ. 10ರಷ್ಟು. ನನ್ನ ಮಟ್ಟಿಗೆ ಇಡೀ ವಿಷಯದ ಸೊಗಸು ಇಲ್ಲಿದೆ: 5ಕ್ಕೆ ಅಂಟಿದಾಗ ಉಳಿಯುವ ರಾಡಿಕಲ್ ಎಲೆಕ್ಟ್ರಾನ್ ಕೊಡುವ ಸ್ವಭಾವದ್ದು, 6ಕ್ಕೆ ಅಂಟಿದಾಗ ಉಳಿಯುವುದು ಕಸಿಯುವ ಸ್ವಭಾವದ್ದು. ಒಂದೇ ಅಣು, ಒಂದೇ ಗುಂಪು, ಗುಣ ಮಾತ್ರ ತದ್ವಿರುದ್ಧ.

ಆಮ್ಲಜನಕ ಉಳಿದಿದ್ದರೆ ಈ ರಾಡಿಕಲ್‌ಗಳು ಅದರೊಂದಿಗೆ ಕೂಡಿ ಪೆರಾಕ್ಸಿಲ್ ರಾಡಿಕಲ್ ಆಗಿ ಉತ್ಪನ್ನಗಳ ಪಟ್ಟಿಯೇ ಬದಲಾಗುತ್ತದೆ. ಬಫರಿನಲ್ಲಿ (ಆಮ್ಲತೆ ಬದಲಾಗದಂತೆ ಕಾಯುವ ದ್ರಾವಣದಲ್ಲಿ) ಕಬ್ಬಿಣದ ಸುಳಿವಿದ್ದರೆ, ಕಿರಣ ನಿಲ್ಲಿಸಿದ ಮೇಲೂ ಉಳಿದ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಹೊಸ ಹೈಡ್ರಾಕ್ಸಿಲ್ ಹುಟ್ಟುತ್ತಿರುತ್ತದೆ. ಹಾಗಾಗಿ ಕೂಡಲೇ ಕೆಟಲೇಸ್ (ಹೈಡ್ರೋಜನ್ ಪೆರಾಕ್ಸೈಡ್ ಒಡೆಯುವ ಕಿಣ್ವ) ಸೇರಿಸಿ.