ಹಾರ್ಲೆಮ್‌ನಲ್ಲಿ ಉಡುಪಿನ ಜಾಡು ಹಿಡಿದು

ನ್ಯೂಯಾರ್ಕಿನ ಸಬ್‌ವೇಯಲ್ಲಿ 135ನೇ ಬೀದಿಯ ನಿಲ್ದಾಣಕ್ಕೆ ಇಳಿದು ಮೆಟ್ಟಿಲು ಹತ್ತಿ ಬಂದಾಗ ಭಾನುವಾರದ ಬೆಳಗಿನ ಹತ್ತು ಗಂಟೆ. ಲೆನಾಕ್ಸ್ ಅವೆನ್ಯೂವಿನ ಒಂದು ಬದಿಗೆ ಆಫ್ರಿಕನ್ ಅಮೆರಿಕನ್ನರ ಚರಿತ್ರೆಯ ದಾಖಲೆಗಳನ್ನು ಕಾಪಿಟ್ಟಿರುವ ಷೋಂಬರ್ಗ್ ಕೇಂದ್ರ, ಎದುರಿಗೆ ಹಾರ್ಲೆಮ್ ಆಸ್ಪತ್ರೆ. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯೆಂದು ಹೆಸರಾದ ಹಾರ್ಲೆಮ್ ಎಂದೊಡನೆ ಕವಿಗಳನ್ನೂ ಜಾಝ್ ಸಂಗೀತಗಾರರನ್ನೂ ನೆನೆಯುವುದು ವಾಡಿಕೆ. ನಾನು ಹುಡುಕಿಕೊಂಡು ಹೋದದ್ದು ಈ ಬಡಾವಣೆಯ ಜನ ಹೇಗೆ ಉಡಬೇಕು, ಹೇಗೆ ಕಾಣಬೇಕು ಎಂಬುದನ್ನು ತಿದ್ದಿದವರ ಜಾಡನ್ನು.

ಪಕ್ಕದ 136ನೇ ಬೀದಿಯಲ್ಲಿ ಈಗ ಕೌಂಟಿ ಕಲೆನ್ ಗ್ರಂಥಾಲಯವಿರುವ ಜಾಗದಲ್ಲಿ ಹಿಂದೆ ಮೇಡಂ ಸಿ. ಜೆ. ವಾಕರ್ ಅವರ ಮನೆಯಿತ್ತು. 1867ರಲ್ಲಿ, ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾಗಿದ್ದ ತಂದೆತಾಯಿಗೆ ಹುಟ್ಟಿ, ಬಟ್ಟೆ ಒಗೆದು ಬದುಕಿದ ಈಕೆ ಕಪ್ಪು ಹೆಂಗಸರ ಕೂದಲಿಗೆ ಬೇಕಾದ ತೈಲ, ಲೇಪನಗಳನ್ನು ತಯಾರಿಸಿ ಮಾರಿ ದೊಡ್ಡ ಉದ್ಯಮಿಯಾದರು. ಅವರ ಮಗಳು ಅಲೇಲಿಯಾ 1927ರಲ್ಲಿ ಇದೇ ಮನೆಯಲ್ಲಿ ‘ಡಾರ್ಕ್ ಟವರ್’ ಎಂಬ ಕೂಟವನ್ನು ತೆರೆದು ಬರಹಗಾರರನ್ನೂ ಕಲಾವಿದರನ್ನೂ ಒಂದೆಡೆ ಸೇರಿಸಿದರು. ಮನೆ ಉಳಿದಿಲ್ಲ, ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮನಸ್ಸಿಗೆ ನೋವಾಯಿತು.

ಅಲ್ಲಿಂದ ದಕ್ಷಿಣಕ್ಕೆ ನಡೆದು ಪಶ್ಚಿಮ 127ನೇ ಬೀದಿಯನ್ನು ಹೊಕ್ಕೆ. ಜೇಮ್ಸ್ ವ್ಯಾನ್ ಡರ್ ಝೀ ಎಂಬ ಛಾಯಾಗ್ರಾಹಕರು 1932ರಲ್ಲಿ ತಮ್ಮ ಅತ್ಯಂತ ಪ್ರಸಿದ್ಧ ಚಿತ್ರವನ್ನು ತೆಗೆದದ್ದು ಈ ಬೀದಿಯಲ್ಲಿ. ಅದನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡು ಕಂದುಕಲ್ಲಿನ ಮನೆಗಳ ಮುಂದೆ ಬಹಳ ಹೊತ್ತು ನಿಂತೆ. ಬಾಗಿಲು ತೆರೆದ ಕ್ಯಾಡಿಲಾಕ್ ಕಾರಿನೊಳಗೆ ಗಂಡಸು ಕುಳಿತಿದ್ದಾನೆ, ಪಕ್ಕದಲ್ಲಿ ಹೆಂಗಸು ನಿಂತಿದ್ದಾಳೆ. ಇಬ್ಬರೂ ತೊಟ್ಟಿರುವುದು ದಪ್ಪ ರಕೂನ್ ತುಪ್ಪಳದ ಕೋಟು. ಮಹಾ ಆರ್ಥಿಕ ಕುಸಿತದಿಂದ ದೇಶವೇ ಕಂಗೆಟ್ಟಿದ್ದ ವರ್ಷವದು. ಆದರೂ ಅವರ ನೋಟದಲ್ಲಿ ಅಳುಕಿಲ್ಲ. ವ್ಯಾನ್ ಡರ್ ಝೀ ತಮ್ಮ ಸ್ಟುಡಿಯೋದಲ್ಲಿ ಒಳ್ಳೆಯ ಉಡುಪುಗಳನ್ನು ಇಟ್ಟುಕೊಂಡಿರುತ್ತಿದ್ದರು; ನೆಗೆಟಿವ್‌ನ ಮೇಲೆಯೇ ಕೈಯಾರೆ ಆಭರಣಗಳನ್ನು ಬಿಡಿಸುತ್ತಿದ್ದರು. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಪತ್ರಿಕೆಗಳೂ ಜಾಹೀರಾತುಗಳೂ ಕಪ್ಪು ಜನರನ್ನು ವಿಕಾರವಾಗಿ ಚಿತ್ರಿಸುತ್ತಿದ್ದ ಕಾಲದಲ್ಲಿ, ತಾವು ಹೇಗೆ ಕಾಣಬೇಕೆಂದು ಅವರು ಬಯಸಿದ್ದರೋ ಹಾಗೆಯೇ ಕಾಣಿಸಿದ ಕೈಗಳವು.

126ನೇ ಬೀದಿಯಲ್ಲಿ ಲೋಯಿಸ್ ಅಲೆಕ್ಸಾಂಡರ್ ಲೇನ್ ಅವರು 1979ರಲ್ಲಿ ಕಪ್ಪು ಜನರ ಉಡುಪುಗಳಿಗೆಂದೇ ವಸ್ತುಸಂಗ್ರಹಾಲಯವೊಂದನ್ನು ಕಟ್ಟಿದ್ದರು. ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲು ಒಪ್ಪದ ರೋಸಾ ಪಾರ್ಕ್ಸ್ 1955ರಲ್ಲಿ ತಮ್ಮ ಬಂಧನಕ್ಕೆ ಮುಂಚೆ ಹೊಲಿಯುತ್ತಿದ್ದ ಉಡುಪೂ ಅವರ ಸಂಗ್ರಹದಲ್ಲಿತ್ತು. ಆ ಸಂಗ್ರಹ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಮಧ್ಯಾಹ್ನದ ಹೊತ್ತಿಗೆ ಪೂರ್ವ 125ನೇ ಬೀದಿಗೆ ಬಂದೆ. ಇಲ್ಲಿನ 43ನೇ ಸಂಖ್ಯೆಯಲ್ಲಿ 1982ರಿಂದ 1992ರವರೆಗೆ ಡ್ಯಾಪರ್ ಡ್ಯಾನ್ ಎಂದೇ ಹೆಸರಾದ ಡೇನಿಯಲ್ ಡೇ ಅವರ ಅಂಗಡಿಯಿತ್ತು. ಹಗಲಿರುಳೂ ಬಾಗಿಲು ತೆರೆದಿರುತ್ತಿದ್ದ ಅಂಗಡಿ ಅದು. ದೊಡ್ಡ ಬ್ರ್ಯಾಂಡಿನ ಕಂಪನಿಗಳು ಅವರಿಗೆ ಸರಕು ಕೊಡಲು ಒಪ್ಪದಿದ್ದಾಗ, ಚರ್ಮದ ಮೇಲೆ ಅವುಗಳ ಲಾಂಛನಗಳನ್ನು ಅಚ್ಚು ಹಾಕುವ ವಿದ್ಯೆಯನ್ನು ತಾವೇ ಕಲಿತು, ಆ ಕಂಪನಿಗಳು ಕನಸಿನಲ್ಲೂ ಎಣಿಸದಿದ್ದ ಜಾಕೆಟ್, ಕೋಟುಗಳನ್ನು ರ್‍ಯಾಪ್ ಗಾಯಕರಿಗೂ ಕ್ರೀಡಾಪಟುಗಳಿಗೂ ಹೊಲಿಸಿಕೊಟ್ಟರು. 1988ರ ಆಗಸ್ಟ್‌ನ ಒಂದು ನಸುಕಿನಲ್ಲಿ ಬಾಕ್ಸರ್ ಮೈಕ್ ಟೈಸನ್ ಇದೇ ಅಂಗಡಿಯೆದುರು ಇನ್ನೊಬ್ಬ ಬಾಕ್ಸರ್ ಮಿಚ್ ಗ್ರೀನ್ ಜೊತೆ ಹೊಡೆದಾಡಿದ ಸುದ್ದಿ ಎಲ್ಲೆಡೆ ಹಬ್ಬಿದ ಮೇಲೆ ಕಂಪನಿಗಳ ಕಣ್ಣು ಇತ್ತ ಬಿತ್ತು. ದಾಳಿಗಳಾದವು, ಸರಕು ಜಪ್ತಿಯಾಯಿತು, ಕೊನೆಗೆ ಅಂಗಡಿಗೆ ಬೀಗ ಬಿತ್ತು. ಆ ಬ್ರ್ಯಾಂಡುಗಳಲ್ಲೊಂದಾದ ಫೆಂದಿ ಕಂಪನಿಯ ಪರ ವಕೀಲರಲ್ಲಿ, ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಸೋನಿಯಾ ಸೊಟೊಮಯೋರ್ ಕೂಡ ಇದ್ದರು.

2017ರಲ್ಲಿ ಫ್ಲಾರೆನ್ಸ್‌ನ ಪ್ರದರ್ಶನದಲ್ಲಿ ಅಂಥದೇ ಇನ್ನೊಂದು ದೊಡ್ಡ ಬ್ರ್ಯಾಂಡಾದ ಗುಚ್ಚಿ ಕಂಪನಿ ಒಂದು ಜಾಕೆಟ್ ತೋರಿಸಿತು. ಒಲಿಂಪಿಕ್ ಓಟಗಾರ್ತಿ ಡಯಾನ್ ಡಿಕ್ಸನ್‌ಗಾಗಿ 1989ರಲ್ಲಿ ಡ್ಯಾನ್ ಮಾಡಿಕೊಟ್ಟ ಜಾಕೆಟ್ಟಿನ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು ನೋಡಿದೆ: ಬಲೂನಿನಂತೆ ಉಬ್ಬಿದ ಅದೇ ತೋಳು, ಅದೇ ತುಪ್ಪಳ, ತೋಳಿನ ಮೇಲಿನ ಲೂಯಿ ವಿಟಾನ್ ಅಕ್ಷರಗಳಿದ್ದಲ್ಲಿ ಗುಚ್ಚಿಯ ಅಕ್ಷರ. ಯಾರು ಯಾರದ್ದನ್ನು ನಕಲು ಮಾಡಿದರು ಎಂದು ಹಾರ್ಲೆಮ್‌ನ ಜನ ಕೆರಳಿ ಕೇಳಿದ್ದು ನ್ಯಾಯವೇ ಆಗಿತ್ತು. ಆಮೇಲೆ ಕಂಪನಿ ಡ್ಯಾನ್ ಅವರೊಡನೆ ಒಪ್ಪಂದಕ್ಕೆ ಬಂತು. 2018ರಲ್ಲಿ ಲೆನಾಕ್ಸ್ ಅವೆನ್ಯೂವಿನ ಕಂದುಕಲ್ಲಿನ ಮನೆಯೊಂದರಲ್ಲಿ ಅವರ ಹೊಲಿಗೆಮನೆ ಮತ್ತೆ ತೆರೆಯಿತು. ಒಂದು ಕಾಲಕ್ಕೆ ಲಾಂಛನವನ್ನು ತಾವೇ ಅಚ್ಚು ಹಾಕಿಕೊಳ್ಳಬೇಕಾಗಿದ್ದ ಅವರಿಗೆ ಈ ಸಲ ಬಟ್ಟೆಯನ್ನು ಗುಚ್ಚಿಯೇ ಕಳುಹಿಸಿಕೊಟ್ಟಿತು.